ಹಡಗು ಹೊರಟ ಮೇಲೆ ಬಂದವನು

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 20:7–16

ಬೆಂಗಳೂರಿಂದ, ಮಂಗಳೂರಿಂದ ರಜೆ ಹಾಕಿ ರಾತ್ರಿ ಬಸ್ಸಲ್ಲಿ ಕೊಪ್ಪಕ್ಕೆ ಬಂದಿಳಿದ ಯೌವನಸ್ಥರಿಗೆ ವಿಶೇಷವಾಗಿ ವಂದನೆ. ಶೃಂಗೇರಿಯಿಂದ, ಎನ್.ಆರ್. ಪುರದಿಂದ ಬೆಳಗ್ಗೆನೇ ಹೊರಟು ಬಂದವರಿಗೂ ವಂದನೆ. ರಾತ್ರಿಯಿಡೀ ಘಾಟಿ ತಿರುವಿನಲ್ಲಿ ಅಲುಗಾಡಿ ಬಂದಿದ್ದೀರಿ, ನಿದ್ದೆ ಬರ್ತದೆ, ಗೊತ್ತು. ಬಂದ್ರೆ ಪರವಾಗಿಲ್ಲ. ಕಿಟಕಿ ಮೇಲೆ ಕೂತು ಮಾತ್ರ ತೂಕಡಿಸಬೇಡಿ. ಯಾಕೆ ಅಂತ ಈಗ ವಾಕ್ಯ ಓದಿದವರಿಗೆ ಅರ್ಥ ಆಗಿರುತ್ತೆ.

ಹೋದ ತಿಂಗಳು ಬೆಂಗಳೂರಿನ ಯೂತ್ ಮೀಟಿಂಗಲ್ಲಿ ಒಬ್ಬ ತಮ್ಮ ಒಂದು ಘಟನೆ ಹೇಳಿದ. ಅವನ ಆಫೀಸಿನವರು ಆರೇಳು ಜನ ಸೇರಿ ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿಗೆ ಬುಕ್ ಮಾಡಿದ್ರಂತೆ. ಎಲ್ಲರೂ ಬೆಳಗಿನ ಫ್ಲೈಟ್ ಹಿಡಿದರು. ಒಬ್ಬ ಮಾತ್ರ, ಸ್ವಲ್ಪ ದುಡ್ಡು ಉಳಿಯುತ್ತೆ ಅಂತ ಮಧ್ಯಾಹ್ನದ ಫ್ಲೈಟ್ ತಗೊಂಡ. ಫ್ಲೈಟ್ ತಡ ಆಯ್ತು, ಆಮೇಲೆ ಮುಂಬೈ ಟ್ರಾಫಿಕ್. ಅವನು ಬಂದರು ಮುಟ್ಟುವಾಗ ಹಡಗಿನ ಏಣಿ ಎತ್ತಿಯಾಗಿತ್ತು. ಕಣ್ಣೆದುರೇ ಹಡಗು ಹೋಯ್ತು. ಆಮೇಲೆ ಹಡಗಿನವರನ್ನು ಕೇಳಿಕೊಂಡು, ಕೈಯಿಂದ ಇನ್ನೊಂದು ಟಿಕೆಟ್ ದುಡ್ಡು ಹಾಕಿ, ಕೊಚ್ಚಿಗೆ ಹೋಗಿ ಅಲ್ಲಿ ಹತ್ತಿದ.

ಹತ್ತಿದಾಗ ಉಳಿದವರು ಚಪ್ಪಾಳೆ ತಟ್ಟಿ ಕರೆದುಕೊಂಡರು. ಒಬ್ಬಳಿಗೆ ಮಾತ್ರ ಸಿಟ್ಟು ಬಂತಂತೆ. ‘ನಾವು ಬೆಳಗಿನ ಜಾವ ಮೂರಕ್ಕೆ ಎದ್ದು ಬಂದೋರು ಹಾಗಾದ್ರೆ ದಡ್ಡರಾ? ತಡವಾಗಿ ಬಂದವನಿಗೆ ಹೀರೋ ಥರ ಸ್ವಾಗತ!’ ಅಂದಳಂತೆ. ಆ ತಮ್ಮ ನನ್ನ ಹತ್ರ ಕೇಳಿದ್ದು ಇದು: ‘ಬ್ರದರ್, ಅವಳು ಹೇಳಿದ್ದರಲ್ಲಿ ತಪ್ಪೇನಿದೆ?’

ಎಲ್ಲರೂ ನಕ್ಕರು. ಆದ್ರೆ ಮೀಟಿಂಗ್ ಮುಗಿದ ಮೇಲೆ ಒಬ್ಬ ತಂಗಿ ಹಿಂದೆ ಉಳಿದುಕೊಂಡಳು. ಅವಳು ನಗ್ತಿರಲಿಲ್ಲ. ‘ಬ್ರದರ್, ನನ್ನ ಹಡಗು ಹೋಯ್ತು ಅನ್ನಿಸ್ತದೆ. ದೇವರು ಒಂದು ದಾರಿ ತೋರಿಸಿದ್ದರು. ನಾನು ಕೇಳಲಿಲ್ಲ. ಐದು ವರ್ಷ ಆಯ್ತು. ಈಗ ದೇವರ ಚಿತ್ತ ನನಗೆ ತಪ್ಪಿ ಹೋದ ಹಾಗೇನಾ?’ ಅಂದಳು. ಅವಳಿಗೆ ಆವತ್ತು ನಾನು ಪ್ರಾರ್ಥನೆ ಮಾಡಿ ಕಳಿಸಿದೆ. ಉತ್ತರ ಸರಿಯಾಗಿ ಕೊಡಲಿಲ್ಲ. ಇವತ್ತಿನ ಸಂದೇಶ ಆ ಉತ್ತರ.

ಪ್ರಿಯರೇ, ಎರಡು ಪ್ರಶ್ನೆ ಇದೆ ನೋಡಿ. ತಡವಾಗಿ ಬಂದವನ ಪ್ರಶ್ನೆ: ನನಗೆ ಇನ್ನೂ ಜಾಗ ಇದೆಯಾ? ಸಮಯಕ್ಕೆ ಬಂದವನ ಪ್ರಶ್ನೆ: ಅವನಿಗೆ ಜಾಗ ಕೊಟ್ಟರೆ ನನಗೆ ಅನ್ಯಾಯ ಅಲ್ವಾ? ಎರಡಕ್ಕೂ ಸತ್ಯವೇದ ಉತ್ತರ ಕೊಡ್ತದೆ. ಆದ್ರೆ ನಾವು ಬಯಸುವಷ್ಟು ಸುಲಭದ ಉತ್ತರ ಕೊಡಲ್ಲ.

ಮೊದಲು ಹಡಗಿನ ವಿಷಯ ಸ್ವಲ್ಪ ತಿಳ್ಕೊಳ್ಳೋಣ. ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ಪ್ರವಾಸಿ ಹಡಗು ಬರ್ತವೆ. ಜನ ಬೆಳಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ, ಸಂಜೆ ಹಡಗಿಗೆ ವಾಪಸ್ ಹೋಗ್ತಾರೆ. ಹೇಳಿದ ಹೊತ್ತಿಗೆ ಒಳಗೆ ಇರಬೇಕು. ಒಬ್ಬನಿಗೋಸ್ಕರ ಹಡಗು ನಿಲ್ಲಲ್ಲ. ಅದು ಕಲ್ಲೆದೆ ಅಂತಲ್ಲ. ಒಳಗೆ ಸಾವಿರಾರು ಜನ ಇದ್ದಾರೆ. ಬಂದರಿನಲ್ಲಿ ಆ ಜಾಗ ಇನ್ನೊಂದು ಹಡಗಿಗೆ ಬೇಕು. ಮುಂದಿನ ಬಂದರಿನಲ್ಲಿ ಇದಕ್ಕೆ ಕೊಟ್ಟ ಹೊತ್ತು ಬೇರೆ ಇದೆ. ತಪ್ಪಿಸಿಕೊಂಡವನು ಮುಂದಿನ ಬಂದರಿನಲ್ಲಿ ಹತ್ತಬೇಕಾದ್ರೆ ಹಡಗಿನವರು ಒಪ್ಪಬೇಕು, ಬೇರೆ ದೇಶ ಆದ್ರೆ ಪಾಸ್‌ಪೋರ್ಟ್, ವೀಸಾ ಇರಬೇಕು, ಸಾಮಾನ್ಯವಾಗಿ ದಾರಿ ಖರ್ಚು ಅವನದೇ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ವಿದೇಶಿ ಹಡಗು ಅಲ್ಲಿನ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಲ್ಲಿನದೇ ಇನ್ನೊಂದು ಬಂದರಿನಲ್ಲಿ ಇಳಿಸೋದಕ್ಕೆ ಅದು ಅಡ್ಡ ಬರ್ತದೆ. ಹಾಗಾಗಿ ಕೆಲವು ಪ್ರಯಾಣದಲ್ಲಿ ಟಿಕೆಟ್ ಇದ್ದರೂ ನಡುವಿನ ಬಂದರಿನಲ್ಲಿ ಹತ್ತೋಕೆ ಬಿಡಲ್ಲ. ಅಂದ್ರೆ ಮುಂದಿನ ಬಂದರಿನಲ್ಲಿ ಹತ್ತೋದು ನಮ್ಮ ಹಕ್ಕಲ್ಲ. ಅದು ಇನ್ನೊಬ್ಬರು ಕೊಡುವ ದಯೆ. ಈ ಮಾತು ಹಿಡ್ಕೊಳ್ಳಿ, ಮುಂದೆ ಬೇಕಾಗ್ತದೆ.

ಈಗ ವಾಕ್ಯಕ್ಕೆ ಬನ್ನಿ. ತ್ರೋವ ಅನ್ನೋ ಊರು. ಭಾನುವಾರ, ರೊಟ್ಟಿ ಮುರಿಯೋಕೆ ಸಭೆ ಕೂಡಿದೆ. ಪೌಲನು ಮಧ್ಯರಾತ್ರಿವರೆಗೂ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಅನ್ನೋ ಹುಡುಗ ನಿದ್ದೆ ಬಂದು ಮೂರನೇ ಅಂತಸ್ತಿನಿಂದ ಬಿದ್ದ. ಕರ್ತನು ಅವನಿಗೆ ಜೀವ ಕೊಟ್ಟನು. ಹಲ್ಲೆಲೂಯ! ಬೆಳಗಾಗೋ ತನಕ ಮತ್ತೆ ಮಾತುಕತೆ. ಆಮೇಲೆ ಲೂಕನೂ ಜೊತೆಯವರೂ ಹಡಗು ಹತ್ತಿದರು. ಪೌಲ ಹತ್ತಲಿಲ್ಲ. ಅವನು ಕಾಲ್ನಡಿಗೆಯಲ್ಲಿ ಅಸ್ಸೊಸಿಗೆ ಹೋದ. ಹಡಗು ಅಲ್ಲಿ ಬಂದಾಗ ಅವನನ್ನು ಹತ್ತಿಸಿಕೊಂಡರು. ಮುಂದಕ್ಕೆ ಮಿತುಲೇನೆಗೆ ಹೋದರು.

ತ್ರೋವ, ಅಸ್ಸೊಸ್ ಎರಡೂ ಈಗಿನ ಟರ್ಕಿ ದೇಶದ ಪಶ್ಚಿಮ ಕರಾವಳಿ ಕಡೆ ಬರ್ತವೆ. ತ್ರೋವದಿಂದ ಅಸ್ಸೊಸಿಗೆ ನೆಲದ ದಾರಿ ಮೂವತ್ತು ಕಿಲೋಮೀಟರಿಗೂ ಜಾಸ್ತಿ. ಶೃಂಗೇರಿಯಿಂದ ಕೊಪ್ಪಕ್ಕೆ ನಡೆದದ್ದಕ್ಕಿಂತ ಜಾಸ್ತಿನೇ ಅಂದ್ಕೊಳ್ಳಿ. ಹಡಗಿಗೆ ಒಂದು ಭೂಶಿರ ಸುತ್ತಿ ಬರಬೇಕು, ಅದಕ್ಕೆ ದೂರ ಜಾಸ್ತಿ. ಹಾಗಾಗಿ ನಡೆದವನೂ ಹಡಗೂ ಒಂದು ಕಡೆ ಸೇರೋಕೆ ಸಾಧ್ಯ ಆಯ್ತು.

ನಾನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಪೌಲನು ಹಡಗು ತಪ್ಪಿಸಿಕೊಳ್ಳಲಿಲ್ಲ. ನಡೆದೇ ಬರ್ತೀನಿ ಅಂತ ಅವನೇ ಮೊದಲೇ ಹೇಳಿದ್ದ. ಯಾಕೆ ಅಂತ ವಾಕ್ಯ ಹೇಳಲ್ಲ. ವಾಕ್ಯ ಹೇಳದ್ದನ್ನು ನಾನೂ ಹೇಳಲ್ಲ. ಆದ್ರೆ ಇಲ್ಲಿ ಒಂದು ಚಿತ್ರ ಸಿಗ್ತದೆ. ಹಡಗಿನಲ್ಲಿ ಇಲ್ಲದ ಒಬ್ಬನನ್ನು ಹಡಗಿನವರು ತಮ್ಮವನೇ ಅಂತ ಲೆಕ್ಕ ಇಟ್ಟಿದ್ದಾರೆ. ಅವನು ಒಂಟಿಯಾಗಿ ನಡೀತಾ ಇದ್ದಾನೆ, ಇವರು ಅವನಿಗೆ ಜಾಗ ಇಟ್ಟುಕೊಂಡು ಬರ್ತಾ ಇದ್ದಾರೆ.

ಆ ಚಿತ್ರ ನನಗೆ ಯಾಕೆ ಇಷ್ಟು ಹತ್ತಿರ ಅಂದ್ರೆ, ಹಾಗೆ ಜಾಗ ಇಟ್ಟ ಒಂದು ಬಸ್ಸಿಗೆ ನಾನು ಓಡಿ ಬಂದು ಹತ್ತಿದ್ದೀನಿ.

ನನಗೆ ಆಗ ಇಪ್ಪತ್ತು ವರ್ಷ. ನಮ್ಮ ಮನೆ ಶೃಂಗೇರಿ ತಾಲ್ಲೂಕಿನ ಒಂದು ತೋಟದ ಲೈನಿನಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ. ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದೆ. ಅಪ್ಪನಿಗೂ ನನಗೂ ಮಾತು ಕೆಟ್ಟಿತ್ತು. ಕಾರಣ ಈಗ ಹೇಳಿದ್ರೆ ನಗು ಬರ್ತದೆ, ಅಷ್ಟು ಸಣ್ಣದು. ಅಪ್ಪನಿಗೆ ಹುಷಾರಿಲ್ಲ ಅಂತ ಅಮ್ಮ ಮೂರು ತಿಂಗಳಿಂದ ಪಕ್ಕದ ಮನೆಯವರ ಫೋನಿಂದ ಹೇಳ್ತಾನೇ ಇದ್ದಳು. ‘ಒಂದ್ಸಲ ಬಂದು ಹೋಗೋ.’ ನಾನು ಮುಂದಿನ ವಾರ, ಮುಂದಿನ ವಾರ ಅಂದೆ. ಕೊನೆಗೆ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ರು ಅಂತ ಸುದ್ದಿ ಬಂತು. ಆಗ ಹೊರಟೆ.

ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದರು. ಅಮ್ಮ ಬಟ್ಟೆ ಬರೆ ತರೋಕೆ ಮನೆಗೆ ಬಂದಿದ್ದಳು. ಮಾತಾಗಿದ್ದು ಹೀಗೆ: ಅಮ್ಮ ಬೆಳಗಿನ ಬಸ್ಸನ್ನು ಶೃಂಗೇರಿಯಲ್ಲಿ ಹತ್ತುತ್ತಾಳೆ, ನಾನು ಕೊಪ್ಪದಲ್ಲಿ ಹತ್ತಬೇಕು, ಬಸ್ಸು ಎನ್.ಆರ್. ಪುರದ ಮೇಲೆ ಶಿವಮೊಗ್ಗಕ್ಕೆ ಹೋಗ್ತದೆ. ನಾನು ಹಿಂದಿನ ರಾತ್ರಿ ಕೊಪ್ಪಕ್ಕೆ ಬಂದು ಗೆಳೆಯನ ರೂಮಲ್ಲಿ ಉಳಿದೆ. ಮಾತಾಡ್ತಾ ಕೂತು ಎರಡು ಗಂಟೆ ಆಯ್ತು. ಬೆಳಗ್ಗೆ ಎಚ್ಚರ ಆದಾಗ ಹೊರಗೆ ಜಡಿಮಳೆ, ಬಸ್ಸಿನ ಹೊತ್ತು ದಾಟಿತ್ತು. ಓಡಿದೆ. ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರೆ, ‘ಹೋಗಿ ಹತ್ತು ನಿಮಿಷ ಆಯ್ತಲ್ಲ’ ಅಂದರು. ಅಮ್ಮನ ಹತ್ರ ಮೊಬೈಲ್ ಇರಲಿಲ್ಲ.

ಬಸ್ಸಿನವರದು ಏನೂ ತಪ್ಪಿಲ್ಲ. ಅಮ್ಮ ಕೇಳಿಕೊಂಡಿದ್ದಕ್ಕೆ ಐದು ನಿಮಿಷ ಜಾಸ್ತಿನೇ ನಿಲ್ಲಿಸಿದ್ರಂತೆ. ಬಸ್ಸಲ್ಲಿ ಆಸ್ಪತ್ರೆಗೆ ಹೋಗೋರು ಬೇರೆಯವರೂ ಇದ್ದರು. ಇನ್ನೂ ನಿಲ್ಲಿಸಿದ್ರೆ ನನ್ನ ನಿದ್ದೆಯ ಸಾಲವನ್ನು ಅವರು ತೀರಿಸಬೇಕಾಗಿತ್ತು.

ಅಲ್ಲೇ ನಿಂತು ಅತ್ತುಬಿಟ್ಟೆ. ಒಂದು ಪಿಕಪ್ ಗಾಡಿ ಎನ್.ಆರ್. ಪುರದ ಕಡೆ ಹೊರಟಿತ್ತು. ಡ್ರೈವರಣ್ಣ ಮುಖ ನೋಡಿ, ‘ಹಿಂದೆ ಹತ್ತು ಮಾರಾಯ, ಎನ್.ಆರ್. ಪುರದಲ್ಲಿ ಬಸ್ಸು ತಿಂಡಿಗೆ ನಿಲ್ತದೆ, ನೋಡೋಣ’ ಅಂದರು. ಹಿಂದೆ ಟಾರ್ಪಾಲಿನ ಕೆಳಗೆ ಗೊಬ್ಬರದ ಚೀಲದ ಮೇಲೆ ಕೂತು ಹೋದೆ. ಎನ್.ಆರ್. ಪುರ ಮುಟ್ಟುವಾಗ ಬಸ್ಸು ಹೊರಡೋಕೆ ಹಾರ್ನ್ ಹಾಕ್ತಾ ಇತ್ತು.

ಹತ್ತಿದೆ. ಬಸ್ಸು ತುಂಬಿದೆ. ಜನ ನಿಂತಿದ್ದಾರೆ. ಅಮ್ಮನ ಪಕ್ಕದ ಸೀಟಲ್ಲಿ ಮಾತ್ರ ಬಟ್ಟೆಯ ಬ್ಯಾಗ್ ಕೂತಿತ್ತು. ಅಮ್ಮ ನನ್ನನ್ನು ನೋಡಿದಳು, ಏನೂ ಬೈಲಿಲ್ಲ. ಬ್ಯಾಗ್ ಎತ್ತಿ ಮಡಿಲಲ್ಲಿ ಇಟ್ಕೊಂಡಳು. ಅಷ್ಟೇ. ನಾನು ಕೂತೆ. ಕಂಡಕ್ಟರ್ ಬಂದಾಗ ಜೇಬಿಗೆ ಕೈ ಹಾಕಿದೆ. ಅವರು ಹೇಳಿದ್ರು: ‘ನಿಂದು ಆಗಿದೆ. ಸೀಟು ಹಿಡೀಬೇಕಾದ್ರೆ ಟಿಕೆಟ್ ತಗೊಳ್ಳಿ ಅಂದೆ. ನಿಮ್ಮಮ್ಮ ಕೊಪ್ಪದಿಂದಲೇ ತೆಗೆದಿದ್ದಾರೆ.’

ಕೇಳಿಸ್ಕೊಳ್ಳಿ ಪ್ರಿಯರೇ. ಕೊಪ್ಪದಿಂದ ಎನ್.ಆರ್. ಪುರದವರೆಗೆ ನಾನು ಆ ಬಸ್ಸಲ್ಲಿ ಇರಲೇ ಇಲ್ಲ. ಆದ್ರೆ ನಾನು ಇಲ್ಲದ ಆ ದೂರಕ್ಕೂ ಒಬ್ಬರು ದುಡ್ಡು ಕೊಟ್ಟಿದ್ದರು. ತೋಟದ ಕೂಲಿಯ ದುಡ್ಡು ಅದು. ನಾನು ಬರ್ತೀನೋ ಇಲ್ವೋ ಅವಳಿಗೆ ಗೊತ್ತಿರಲಿಲ್ಲ. ಕೃಪೆ ಅಂದ್ರೆ ಏನು ಅಂತ ಬೈಬಲ್ ಕಾಲೇಜಲ್ಲಿ ಎಷ್ಟೋ ವ್ಯಾಖ್ಯಾನ ಬರೆದುಕೊಂಡೆ. ಆದ್ರೆ ಆ ಟಿಕೆಟಿನ ಚೂರು ನನಗೆ ಮೊದಲೇ ಪಾಠ ಮಾಡಿತ್ತು.

ಈ ಅನುಭವದಿಂದ, ಈ ವಾಕ್ಯದಿಂದ ಮೂರು ವಿಷಯ ಹೇಳ್ತೀನಿ.

ಒಂದನೆಯದು: ಹೊರಟ ಹಡಗು ತಿರುಗಿ ಬರಲ್ಲ. ಇದನ್ನು ಒಪ್ಕೊಳ್ಳಬೇಕು.

ಅಪ್ಪ ನನ್ನನ್ನು ಗುರುತಿಸಿದರು. ‘ಬಂದ್ಯನಾ?’ ಅಂದರು. ನನ್ನ ಕೈ ಹಿಡ್ಕೊಂಡರು. ನಾನು ಕ್ಷಮೆ ಕೇಳಿದೆ. ಮೂರನೇ ದಿನ ಹೋಗಿಬಿಟ್ಟರು. ಆ ಮೂರು ದಿನ ಸಿಕ್ಕಿದ್ದಕ್ಕೆ ಕರ್ತನಿಗೆ ಸ್ತೋತ್ರ. ಆದ್ರೆ ಆ ಮೂರು ತಿಂಗಳು? ಅವರು ಇನ್ನೂ ಅಂಗಳದಲ್ಲಿ ಕೂತು ಎಲೆಅಡಿಕೆ ಹಾಕ್ಕೊಂಡು ಮಾತಾಡಬಹುದಾಗಿದ್ದ ಮೂರು ತಿಂಗಳು? ಆ ಬಂದರುಗಳು ಹಿಂದೆ ಹೋದವು. ಕ್ಷಮೆ ಸಿಕ್ಕಿತು, ಕಳೆದ ದಿನ ಸಿಗಲಿಲ್ಲ. ಇವೆರಡೂ ಬೇರೆ ಬೇರೆ. ‘ದೇವರು ಕ್ಷಮಿಸಿದ ಮೇಲೆ ಏನೂ ನಷ್ಟ ಇಲ್ಲ’ ಅಂತ ಹೇಳೋ ಪ್ರಸಂಗ ನಿಮಗೆ ಕೇಳೋಕೆ ಚೆಂದ. ಆದ್ರೆ ನಾನು ಅದನ್ನು ಹೇಳಲಾರೆ.

ಪೌಲನನ್ನೇ ನೋಡಿ. 1 ಕೊರಿಂಥ 15ರಲ್ಲಿ ಅವನು ತನ್ನನ್ನು ಎಲ್ಲರಿಗಿಂತ ಕಡೆಯವನು, ಹೊತ್ತಲ್ಲದ ಹೊತ್ತಲ್ಲಿ ಹುಟ್ಟಿದವನ ಹಾಗೆ ಅಂತ ಲೆಕ್ಕ ಹಾಕ್ಕೊಳ್ತಾನೆ. ಉಳಿದ ಅಪೊಸ್ತಲರು ಗಲಿಲಾಯದಲ್ಲೇ ಹತ್ತಿದರು. ಇವನು ದಮಸ್ಕದ ದಾರಿಯಲ್ಲಿ ಹತ್ತಿದ. ದೊಡ್ಡ ಅಪೊಸ್ತಲನಾದ. ಆದ್ರೆ ಸ್ತೆಫನ? ಕಲ್ಲೆಸೆಯುವವರ ಬಟ್ಟೆ ಯಾರ ಕಾಲ ಬಳಿ ಇತ್ತು? ಸೌಲನ ಕಾಲ ಬಳಿ. ಪೌಲನು ಎಷ್ಟು ಸಭೆ ಕಟ್ಟಿದರೂ ಸ್ತೆಫನನು ತಿರುಗಿ ಬರಲಿಲ್ಲ. ತಾನು ಸಭೆಯನ್ನು ಹಿಂಸಿಸಿದವನು ಅಂತ ಅವನು ಕೊನೆವರೆಗೂ ಬಾಯಿಬಿಟ್ಟು ಹೇಳ್ತಿದ್ದ. ಮುಚ್ಚಿಡಲಿಲ್ಲ.

ಹಾಗಾದ್ರೆ ಆ ತಂಗಿಗೆ ನಾನೇನು ಹೇಳಲಿ? ತಂಗೀ, ಆ ಐದು ವರ್ಷ ಹೋಯ್ತು. ಅದಕ್ಕೆ ಅಳಬೇಕಾದ್ರೆ ಅಳು. ಆದ್ರೆ ದೇವರ ಚಿತ್ತ ಅಂದ್ರೆ ಮುಂಬೈ ಬಂದರಿನಲ್ಲಿ ಒಂದೇ ಒಂದು ಸಂಜೆ ನಿಂತು ಹೋಗೋ ಹಡಗಲ್ಲ. ದೇವರ ಚಿತ್ತ ಮೊದಲು ಒಬ್ಬ ವ್ಯಕ್ತಿಯನ್ನು ಹಿಂಬಾಲಿಸೋದು. ‘ನನ್ನ ಹಿಂದೆ ಬಾ’ ಅಂತ ಪೇತ್ರನಿಗೆ ಯೇಸು ಮೊದಲು ಬಲೆಗಳ ಹತ್ತಿರ ಹೇಳಿದನು. ಪೇತ್ರನು ಮೂರು ಸಲ ಬೊಂಕಿದ ಮೇಲೆ ಯೋಹಾನ 21ರಲ್ಲಿ ಅದೇ ಕರೆ ಇನ್ನೊಂದು ಸಲ ಕೊಟ್ಟನು. ಊರು ಬೇರೆ ಇರಬಹುದು, ವಯಸ್ಸು ಬೇರೆ ಇರಬಹುದು. ಕರೆಯುವವನು ಅವನೇ.

ಎರಡನೆಯದು: ಮುಂದಿನ ಬಂದರಿಗೆ ನಡೆಯಬೇಕು.

ಹಡಗು ಹೋದ ಮೇಲೆ ದಡದಲ್ಲಿ ನಿಂತು ಎರಡು ಕೆಲಸ ಮಾಡಬಹುದು. ಒಂದು, ‘ವಾಪಸ್ ಬಾ’ ಅಂತ ಕೂಗೋದು. ಇನ್ನೊಂದು, ‘ನನ್ನ ಹಣೆಬರಹ ಇಷ್ಟೇ’ ಅಂತ ಮನೆಗೆ ಹೋಗೋದು. ನಮ್ಮಲ್ಲಿ ತುಂಬ ಜನ ಈ ಎರಡರಲ್ಲೇ ಇದ್ದೀವಿ. ಹಳೇ ಪ್ರೀತಿ, ಹಳೇ ಕೋರ್ಸು, ಹಳೇ ಸೇವೆಯ ಅವಕಾಶ ಹಾಗೇ ತಿರುಗಿ ಬರಲಿ ಅಂತ ವರ್ಷಗಟ್ಟಲೆ ಉಪವಾಸ ಮಾಡೋರಿದ್ದಾರೆ. ಆ ಹಡಗು ಅಲ್ಲಿಲ್ಲ. ಅದು ಎಲ್ಲಿ ಇರುತ್ತೋ ಅಲ್ಲಿಗೆ ನೀವು ಹೋಗಬೇಕು. ನಾನು ಕೊಪ್ಪದ ಬಸ್‌ಸ್ಟ್ಯಾಂಡಲ್ಲಿ ನಿಂತು ಎಷ್ಟು ಅತ್ತಿದ್ದರೂ ಅಮ್ಮನ ಪಕ್ಕದ ಸೀಟಿಗೆ ಮುಟ್ಟುತ್ತಿರಲಿಲ್ಲ. ಗೊಬ್ಬರದ ಚೀಲದ ಮೇಲೆ ಕೂರಬೇಕಾಯ್ತು.

ಮಾನಸಾಂತರ ಅಂದ್ರೆ ಅದೇ. ಪಶ್ಚಾತ್ತಾಪದ ಕಣ್ಣೀರು ಒಳ್ಳೇದು, ಆದ್ರೆ ಕಣ್ಣೀರಿಗೆ ಕಾಲಿಲ್ಲ. ಅಸ್ಸೊಸಿನ ದಾರಿ ಉದ್ದ ಇದೆ. ಬಿಟ್ಟ ಪ್ರಾರ್ಥನೆ ನಾಳೆ ಬೆಳಗ್ಗೆ ಐದು ಗಂಟೆಗೆ ಶುರು ಆಗಬೇಕು. ಸುಳ್ಳು ಹೇಳಿ ತಗೊಂಡ ದುಡ್ಡು ವಾಪಸ್ ಹೋಗಬೇಕು. ಬ್ಲಾಕ್ ಮಾಡಿದ ನಂಬರಿಗೆ, ಅದು ತಂದೆತಾಯಿಯದಾದ್ರೆ, ಇವತ್ತೇ ಫೋನ್ ಮಾಡಬೇಕು. ಇದರಿಂದ ಸೀಟು ಸಂಪಾದನೆ ಆಗಲ್ಲ, ಸೀಟು ಆಗಲೇ ಕೊಟ್ಟಾಗಿದೆ. ಆದ್ರೆ ಕೊಟ್ಟ ಸೀಟಿಗೆ ಹೋಗಿ ಕೂರೋಕೆ ನಡೀಲೇಬೇಕು.

ಇನ್ನೊಂದು ಮಾತು. ನನ್ನ ಹಾಗೆ ಆವತ್ತು ನಿದ್ದೆ ಮಾಡಿದ ಇನ್ನೊಬ್ಬ ಇದ್ದಿದ್ದರೆ, ಅವನಿಗೆ ಪಿಕಪ್ ಸಿಗದೇ ಇದ್ದಿದ್ದರೆ? ತಪ್ಪು ಇಬ್ಬರದೂ ಒಂದೇ. ಅವನು ಅಪ್ಪನ ಮುಖ ನೋಡ್ತಿರಲಿಲ್ಲ, ನಾನು ನೋಡಿದೆ. ನಾನು ಅವನಿಗಿಂತ ಒಳ್ಳೆಯವನಾ? ಅಲ್ಲ. ಹಾಗಾಗಿ ಮುಂದಿನ ಬಂದರಿನಲ್ಲಿ ಹತ್ತಿದವನು ಸಾಕ್ಷಿ ಹೇಳುವಾಗ ‘ನಾನು ಓಡಿದೆ’ ಅಂತ ಮಾತ್ರ ಹೇಳಬಾರದು. ‘ಯಾರೋ ಗಾಡಿ ನಿಲ್ಲಿಸಿದರು’ ಅಂತಲೂ ಹೇಳಬೇಕು. ಅದಿಲ್ಲದೆ ಹೇಳಿದ್ದು ಬರೀ ಹೆಚ್ಚಳ.

ಮೂರನೆಯದು: ಹಡಗಿನಲ್ಲಿ ಇರುವವರು ಹತ್ತಿಸಿಕೊಳ್ಳಬೇಕು.

ಈಗ ಆ ಸಿಟ್ಟು ಬಂದ ಹುಡುಗಿಯ ಪ್ರಶ್ನೆಗೆ ಬರ್ತೀನಿ. ಅವಳನ್ನು ಬೈಯೋದು ಸುಲಭ. ನಾನು ಬೈಯಲ್ಲ. ತೋಟದಲ್ಲಿ ಬೆಳೆದವನಿಗೆ ಹಾಜರಿ ಅಂದ್ರೆ ಏನು ಅಂತ ಗೊತ್ತು. ತಡವಾಗಿ ಬಂದ್ರೆ ಮೇಸ್ತ್ರಿ ಅರ್ಧ ಹಾಜರಿ ಹಾಕ್ತಾನೆ. ಅದು ನ್ಯಾಯ. ಬೆಳಗ್ಗೆಯಿಂದ ಇಂಬಳ ಕಚ್ಚಿಸ್ಕೊಂಡು ಕೆಲಸ ಮಾಡಿದವಳಿಗೂ, ಮಧ್ಯಾಹ್ನ ಬಂದವಳಿಗೂ ಒಂದೇ ಕೂಲಿ ಕೊಟ್ಟರೆ ಲೈನಿನಲ್ಲಿ ಆವತ್ತು ರಾತ್ರಿ ಗಲಾಟೆನೇ. ಮತ್ತಾಯ 20ರಲ್ಲಿ ಯೇಸು ಹೇಳಿದ ದ್ರಾಕ್ಷೇ ತೋಟದ ಕೂಲಿಯಾಳುಗಳು ಗೊಣಗಿದ್ದು ಅದಕ್ಕೇ. ಆ ಸಾಮ್ಯ ಓದುವಾಗ ನಾವು ಬೇಗ ಬೇಗ ಯಜಮಾನನ ಕಡೆ ಸೇರ್ಕೊಳ್ತೀವಿ. ನಮ್ಮಮ್ಮ ಹಾಗಲ್ಲ. ಮೊದಲ ಸಲ ಆ ಭಾಗ ಓದಿ ಹೇಳಿದಾಗ, ‘ಬೆಳಗ್ಗೆ ಬಂದೋರಿಗೆ ಬೇಜಾರಾಗಲ್ವಾ?’ ಅಂದಳು.

ಬೇಜಾರಾಗ್ತದೆ. ಯೇಸು ಅದನ್ನು ಮುಚ್ಚಿಡಲಿಲ್ಲ. ಆದ್ರೆ ಯಜಮಾನನ ಮಾತು ಗಮನಿಸಿ: ಒಪ್ಪಿದ ಕೂಲಿಯಲ್ಲಿ ನಿನಗೆ ಒಂದು ಕಾಸೂ ಕಡಿಮೆ ಮಾಡಿಲ್ಲ. ಅಂದ್ರೆ ತಡವಾಗಿ ಬಂದವನಿಗೆ ಕೊಟ್ಟಿದ್ದು ನಿನ್ನ ಕೂಲಿಯಿಂದ ಕಿತ್ತು ಕೊಟ್ಟದ್ದಲ್ಲ, ತನ್ನ ಸ್ವಂತದ್ದು. ಹಡಗಿನ ಹುಡುಗಿಗೂ ಅಷ್ಟೇ. ಮೊದಲ ರಾತ್ರಿಯ ಸಮುದ್ರ, ಗೆಳೆಯರ ಜೊತೆ ಊಟ, ನಗು ಎಲ್ಲಾ ಅವಳಿಗೆ ಸಿಕ್ಕಿತ್ತು. ಅವನಿಗೆ ಸಿಗಲಿಲ್ಲ, ಇನ್ನು ಸಿಗೋದೂ ಇಲ್ಲ. ಸಮಯಕ್ಕೆ ಬಂದವನ ಬಹುಮಾನ ಆ ಪ್ರಯಾಣವೇ. ಚಿಕ್ಕ ವಯಸ್ಸಿಂದ ಕರ್ತನ ಹಿಂದೆ ನಡೆದವರೇ, ನೀವು ಏನೂ ಕಳ್ಕೊಂಡಿಲ್ಲ. ‘ಲೋಕದಲ್ಲಿ ಮಜಾ ಮಾಡಿ ಆಮೇಲೆ ಬಂದವನಿಗೂ ಅದೇ ರಕ್ಷಣೆ’ ಅಂತ ನಿಮಗೆ ಹೊಟ್ಟೆಕಿಚ್ಚಾದ್ರೆ, ಆ ಮಜಾನೇ ಬಹುಮಾನ, ಕರ್ತನ ಜೊತೆ ಇದ್ದದ್ದು ಶಿಕ್ಷೆ ಅಂತ ಒಳಗೊಳಗೇ ನಂಬಿದ್ದೀರಿ ಅಂತ ಅರ್ಥ. ಅದನ್ನು ಪರೀಕ್ಷೆ ಮಾಡ್ಕೊಳ್ಳಿ.

ಆದರೂ ಒಂದು ನಿಜ ಇದೆ. ತಡವಾದವನ ಖರ್ಚು ಕೆಲವು ಸಲ ಬೇರೆಯವರ ಮೇಲೆ ಬೀಳ್ತದೆ. ಆವತ್ತು ಆ ಬಸ್ಸಲ್ಲಿ, ನನ್ನ ಖಾಲಿ ಸೀಟಿನ ಪಕ್ಕದಲ್ಲೇ ಕೊಪ್ಪದಿಂದ ಒಬ್ಬ ಹೆಂಗಸು ನಿಂತುಕೊಂಡು ಬಂದಿದ್ರಂತೆ. ಅಮ್ಮ ಬ್ಯಾಗ್ ಎತ್ತೋಕೆ ಹೋದಾಗ ಅವರು ಹೇಳಿದ್ದು: ‘ಇರ್ಲಿ ಬಿಡಿ ಅಕ್ಕಾ, ನಿಮ್ಮ ಹುಡುಗ ಬರ್ಲಿ. ನಾನು ಎನ್.ಆರ್. ಪುರದಲ್ಲಿ ಇಳೀತೀನಿ.’ ನಾನು ಹತ್ತುವಾಗ ಇಳಿದು ಹೋದವರಲ್ಲಿ ಅವರೂ ಒಬ್ಬರು. ಮುಖ ನೋಡಲಿಲ್ಲ, ಹೆಸರು ಗೊತ್ತಿಲ್ಲ. ನನ್ನ ನಿದ್ದೆಗೆ ಅವರ ಕಾಲು ನೋವು ತಿಂದಿತು. ಅವರು ಗೊಣಗಿದ್ದರೆ ಅದರಲ್ಲಿ ನ್ಯಾಯ ಇತ್ತು. ಗೊಣಗಲಿಲ್ಲ. ಸಭೆ ಅಂದ್ರೆ ನನಗೆ ಆ ಹೆಂಗಸು.

ಸತ್ಯವೇದದಲ್ಲಿ ಈ ಕೆಲಸ ಮಾಡಿದವನು ಬಾರ್ನಬ. ಸೌಲನು ಯೆರೂಸಲೇಮಿಗೆ ಬಂದಾಗ ಶಿಷ್ಯರು ನಂಬಲಿಲ್ಲ, ಹೆದರಿದರು. ಬಾರ್ನಬನು ಕೈ ಹಿಡಿದು ಒಳಗೆ ಕರ್ಕೊಂಡು ಹೋದ. ಆಮೇಲೆ ಮಾರ್ಕನೆಂಬ ಯೋಹಾನ ಪಂಫುಲ್ಯದ ಪೆರ್ಗೆಯಲ್ಲಿ ತಂಡ ಬಿಟ್ಟು ಮನೆಗೆ ಹೋದ. ಮುಂದಿನ ಪ್ರಯಾಣಕ್ಕೆ ಅವನನ್ನು ಸೇರಿಸಬೇಕಾ ಅಂತ ಬಂದಾಗ ಪೌಲನು ಬೇಡವೇ ಬೇಡ ಅಂದ. ನೋಡಿ, ಒಂದು ಕಾಲಕ್ಕೆ ತಾನೇ ತಡವಾಗಿ ಹತ್ತಿದವನು ಇನ್ನೊಬ್ಬನಿಗೆ ಸೀಟು ಕೊಡೋಕೆ ಹಿಂದೇಟು ಹಾಕಿದ! ನಾವೂ ಹಾಗೇ. ಬಾರ್ನಬನು ಮಾರ್ಕನನ್ನು ಕರ್ಕೊಂಡು ಹಡಗು ಹತ್ತಿ ಕುಪ್ರಕ್ಕೆ ಹೋದ. ವರ್ಷಗಳಾದ ಮೇಲೆ ಸೆರೆಮನೆಯಿಂದ ಪೌಲನೇ ತಿಮೊಥೆಯನಿಗೆ ಬರೆದ: ಮಾರ್ಕನನ್ನು ಕರ್ಕೊಂಡು ಬಾ, ಅವನು ನನಗೆ ಬೇಕು. ಬಾರ್ನಬ ಆ ಸೀಟು ಹಿಡಿಯದೇ ಇದ್ದಿದ್ದರೆ?

ತೋಮನೂ ನೆನಪಿರಲಿ. ಪುನರುತ್ಥಾನದ ಆ ಮೊದಲ ಸಂಜೆ ಅವನು ಇರಲಿಲ್ಲ. ನಂಬೋದೂ ಇಲ್ಲ ಅಂದ. ಆದರೂ ಎಂಟು ದಿನದ ಮೇಲೆ ಅದೇ ಮನೆಯೊಳಗೆ ಇದ್ದ. ಅಂದ್ರೆ ಉಳಿದ ಹತ್ತು ಜನ ಅವನನ್ನು ಹೊರಗೆ ಹಾಕಲಿಲ್ಲ. ಆಮೇಲೆ ಮೇಲಂತಸ್ತಿನಲ್ಲಿ ಆತ್ಮನಿಗೋಸ್ಕರ ಕಾಯ್ತಿದ್ದವರ ಹೆಸರು ಓದಿ, ಕೃತ್ಯಗಳು 1:13. ತೋಮನ ಹೆಸರು ಅಲ್ಲಿದೆ. ಸ್ತೋತ್ರ! ಒಂದು ಸಂಜೆ ತಪ್ಪಿಸಿಕೊಂಡವನು ಪಂಚಾಶತ್ತಮಕ್ಕೆ ಕಾದು ಕೂತ.

ಈಗ ನನಗೆ ಗೊತ್ತು, ಹಿಂದಿನ ಸಾಲಲ್ಲಿ ಯಾರೋ ಒಬ್ಬರು ಲೆಕ್ಕ ಹಾಕ್ತಿದ್ದೀರಿ. ‘ಹೇಗೂ ಮುಂದಿನ ಬಂದರು ಇದೆಯಲ್ಲ, ಆಮೇಲೆ ಹತ್ತಿದರಾಯ್ತು.’ ತಮ್ಮಾ, ಇದೇ ವಾಕ್ಯದ ಕೊನೆ ಓದು. ಪೌಲನು ಪಂಚಾಶತ್ತಮ ದಿನಕ್ಕೆ ಯೆರೂಸಲೇಮಿನಲ್ಲಿ ಇರಬೇಕು ಅಂತ ಅವಸರದಲ್ಲಿದ್ದ. ಅದಕ್ಕೆ ಎಫೆಸದಲ್ಲಿ ಇಳಿಯದೆ ದಾಟಿ ಹೋದ. ಅಷ್ಟು ವರ್ಷ ಸೇವೆ ಮಾಡಿದ ಊರಿನಲ್ಲೇ ಹಡಗು ನಿಲ್ಲಲಿಲ್ಲ! ಹಿರಿಯರೇ ಮಿಲೇತದವರೆಗೆ ಬರಬೇಕಾಯ್ತು. ಇನ್ನು ನನ್ನ ಮುಖ ನೋಡಲ್ಲ ಅಂತ ಅವನು ಅಲ್ಲಿ ಹೇಳಿದ. ಅವರು ಅತ್ತರು. ಬಾರದೇ ಇದ್ದವರಿಗೆ ಆಮೇಲೆ ಅವನ ಮುಖ ಸಿಗಲಿಲ್ಲ.

ನಮ್ಮ ಊರಿಗೂ ಇದು ಗೊತ್ತು. ಒಂದು ಕಾಲದಲ್ಲಿ ತರೀಕೆರೆಯಿಂದ ಎನ್.ಆರ್. ಪುರಕ್ಕೆ ಸಣ್ಣ ಹಳಿಯ ರೈಲು ಬರ್ತಿತ್ತು. ಈಗ ಆ ರೈಲಿಗೆ ಕಾಯೋಕೆ ಸ್ಟೇಷನ್ನೇ ಇಲ್ಲ. ನಮ್ಮ ಕೊಪ್ಪದ ಸಹಕಾರ ಸಾರಿಗೆ ನೋಡಿ. 1991ರಲ್ಲಿ ಕೆಲಸ ಕಳ್ಕೊಂಡ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ, ಕಾರ್ಮಿಕರೇ ಮಾಲೀಕರು. ಕಾಡಿನ ಮೂಲೆ ಮೂಲೆಗೆ ಬಸ್ಸು ಬಿಟ್ಟರು. ‘ಈ ಬಸ್ಸು ಹೋದ್ರೆ ಇನ್ನೊಂದು ಸಹಕಾರ ಬರ್ತದೆ’ ಅಂತ ನಾವೆಲ್ಲಾ ಆರಾಮಾಗಿ ಕೂರ್ತಿದ್ದೆವು. 2020ರಲ್ಲಿ ಬಸ್ಸುಗಳು ನಿಂತವು. ಎಷ್ಟೋ ಹಳ್ಳಿಯವರು ಕೈಕಂಬದ ಹತ್ತಿರ ಸುಮ್ಮನೆ ನಿಂತರು. ದಿನಾ ಬರ್ತಿದ್ದದ್ದು ಒಂದು ದಿನ ಬರಲ್ಲ ಅಂತ ಯಾರೂ ಎಣಿಸಿರಲಿಲ್ಲ.

ಮತ್ತಾಯ 25ರ ಕನ್ಯೆಯರಿಗೂ ಬಾಗಿಲು ಮುಚ್ಚಿತು. ಕೃಪೆಯ ದೇವರೇ ಆ ಬಾಗಿಲು ಮುಚ್ಚಿದ್ದು. ಶಿಲುಬೆಯ ಮೇಲೆ ಕಡೇ ಗಳಿಗೆಯಲ್ಲಿ ಒಬ್ಬ ಕಳ್ಳನಿಗೆ ಪರದೈಸು ಸಿಕ್ಕಿತು, ಯಾರೂ ನಿರಾಶೆ ಆಗಬಾರದು ಅಂತ. ಇನ್ನೊಬ್ಬ ಕಳ್ಳನೂ ಅಷ್ಟೇ ಹತ್ತಿರ ಇದ್ದ, ಅವನು ಕೇಳಲಿಲ್ಲ. ಯಾರೂ ಸಲಿಗೆ ತಗೊಳ್ಳಬಾರದು ಅಂತ ಅದೂ ಬರೆದಿದೆ. ಮುಂದಿನ ಬಂದರು ಹಕ್ಕಲ್ಲ, ದಯೆ ಅಂತ ಆಗಲೇ ಹೇಳಿದೆ. ದಯೆಯನ್ನು ಟೈಮ್‌ಟೇಬಲ್ ಮಾಡ್ಕೋಬೇಡಿ. ನನ್ನ ಮೂರು ತಿಂಗಳು ಹಾಗೆ ಹೋಯ್ತು.

ಮುಗಿಸ್ತೀನಿ. ನಾನು ಆ ತಂಗಿಗೆ ಆವತ್ತೇ ಹೇಳಬೇಕಾಗಿದ್ದದ್ದು ಇಷ್ಟೇ: ಹೋದದ್ದು ಹೋಯ್ತು, ಅದನ್ನು ಕರ್ತನ ಮುಂ ಹೆಸರಿಟ್ಟು ಹೇಳಿಬಿಡು. ನಿನ್ನ ಟಿಕೆಟ್ ನೀನು ಇಲ್ಲದ ದೂರಕ್ಕೂ ಸೇರಿ ಕಲ್ವಾರಿಯಲ್ಲಿ ತೆಗೆದಾಗಿದೆ. ಈಗ ಎದ್ದು ನಡಿ. ಹಡಗಲ್ಲಿ ಇರೋ ನಮಗೆ ಹೇಳೋದು: ಬ್ಯಾಗ್ ಇಟ್ಟು ಒಂದು ಸೀಟು ಹಿಡೀರಿ. ಬರದೇ ಇರೋ ತಮ್ಮನ ಹೆಸರು ಪ್ರಾರ್ಥನೆ ಪಟ್ಟಿಯಿಂದ ಹೊಡೆದು ಹಾಕಬೇಡಿ. ಅವನು ಒದ್ದೆಯಾಗಿ, ಗೊಬ್ಬರದ ವಾಸನೆ ಹೊಡೀತಾ ಬಂದ್ರೂ ‘ಯಾಕೆ ಲೇಟು?’ ಅನ್ನೋ ಮೊದಲು ಬ್ಯಾಗ್ ಎತ್ತಿ ಜಾಗ ಕೊಡಿ.

ತಲೆ ಬಾಗಿಸೋಣ. ಇವತ್ತು ಮನೆಗೆ ಫೋನ್ ಮಾಡಬೇಕಾದವರು, ಆರಾಧನೆ ಮುಗಿದ ಕೂಡಲೇ ಹೊರಗೆ ಹೋಗಿ ಮಾಡಿ. ಊಟ ಆಮೇಲೆ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಾವು ತಡಮಾಡಿದವರು. ನಿದ್ದೆ ಮಾಡಿದವರು. ನಾವು ಇಲ್ಲದಿದ್ದಾಗಲೂ ನೀನು ನಮ್ಮನ್ನು ನಿನ್ನವರೆಂದು ಲೆಕ್ಕ ಇಟ್ಟೆ. ಕಳೆದುಹೋದ ದಿನಗಳಿಗಾಗಿ ಅಳುವವರನ್ನು ಸಂತೈಸು ತಂದೆಯೇ. ದಡದಲ್ಲಿ ನಿಂತವರ ಕಾಲಿಗೆ ಬಲ ಕೊಡು. ಒಳಗೆ ಕೂತ ನಮಗೆ, ಗೊಣಗದೆ ನಿಂತ ಆ ಹೆಂಗಸಿನ ಹೃದಯ ಕೊಡು. ಬಾಗಿಲು ತೆರೆದಿರುವಾಗಲೇ ಬರಲು ನಿನ್ನ ಪವಿತ್ರಾತ್ಮನಿಂದ ನಮ್ಮನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.